ಸಕ್ಕರೆ ಡಬ್ಬಿ ತೆರೆಯುವ ಮುನ್ನ

ಪ್ರೆಗ್ನೆನ್ಸಿ ಕಿಟ್‌ನಲ್ಲಿ ಎರಡು ಗೆರೆ ಮೂಡಿದಾಗ ನನಗೆ ಮೊದಲು ಬಂದದ್ದು ಸಿಟ್ಟು, ಆಮೇಲೆ ಹೆದರಿಕೆ. ಪಿಎಚ್‌.ಡಿ.ಯ ಮೂರನೇ ವರ್ಷ, ಕ್ಷೇತ್ರಕಾರ್ಯ ಅರ್ಧಕ್ಕೆ ನಿಂತಿತ್ತು. ಅತ್ತೆ ‘ಸಿಹಿ ಸುದ್ದಿ’ ಎಂದು ಬಾಯಿಗೆ ಸಕ್ಕರೆ ಹಾಕಿದರು. ಬೇಡವೆನಿಸಿದರೆ ಏನು ದಾರಿ ಎಂದು ಆಸ್ಪತ್ರೆಯಲ್ಲಿ ಕೇಳಿದೆ. ‘ಯಜಮಾನರನ್ನು ಕರ್ಕೊಂಡು ಬನ್ನಿ, ಸಹಿ ಬೇಕು’ ಎಂದರು ಡಾಕ್ಟರ್.

ಸುಳ್ಳು. 1971ರ ವೈದ್ಯಕೀಯ ಗರ್ಭಪಾತ ಕಾಯ್ದೆಗೆ ನನ್ನಂಥ ವಯಸ್ಕಳ ಒಪ್ಪಿಗೆ ಸಾಕು, ಗಂಡನ ಸಹಿ ಬೇಕಿಲ್ಲ. 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. ಗರ್ಭನಿರೋಧಕ ಕೈಕೊಟ್ಟು ನಿಂತ ಬಸಿರಿನ ಸಂಕಟವನ್ನು ಮನಸ್ಸಿನ ಆರೋಗ್ಯಕ್ಕೆ ಬಿದ್ದ ತೀವ್ರ ಪೆಟ್ಟೆಂದು ಪರಿಗಣಿಸಲು ಅದೇ ಕಾಯ್ದೆ ಅವಕಾಶ ಕೊಡುತ್ತದೆ. ಕಾನೂನಿಗೆ ತಿಳಿದ ಸಂಕಟ ನಮ್ಮ ನಡುಮನೆಗೆ ತಿಳಿಯುವುದಿಲ್ಲವೇ?

‘ಮಗು ಮುಖ ನೋಡಿದರೆ ಎಲ್ಲ ಸರಿಹೋಗುತ್ತೆ’ ಎನ್ನುತ್ತಾರೆ. ಹೋಗಬಹುದು. ಆದರೆ ಆ ಮಾತು ಇವತ್ತಿನ ನನ್ನ ಬಾಯಿ ಮುಚ್ಚಿಸಲು ಬಳಕೆಯಾಗುತ್ತದೆ.

ಕೊನೆಗೆ ಏನು ಮಾಡಿದೆ ಎಂದು ಇಲ್ಲಿ ಹೇಳುವುದಿಲ್ಲ. ಹೇಳಿದ ಕೂಡಲೇ ಒಳ್ಳೆಯವಳೋ ಕೆಟ್ಟವಳೋ ಎಂದು ತೂಗಲು ಕೂರುತ್ತೀರಿ. ಬಸಿರಾದವಳ ಎದುರು ಸಕ್ಕರೆ ಡಬ್ಬಿ ತೆರೆಯುವ ಮುನ್ನ ಒಂದೇ ಮಾತು ಕೇಳಿ: ‘ನಿನಗೆ ಹೇಗನ್ನಿಸ್ತಿದೆ?’ ಅತ್ತರೆ, ಅಳಲು ಬಿಡಿ.