ಹಿಂಬದಿಯ ಕೊಂಡಿ

ತಿಕೋಟಾ ಭಾಗದ ದ್ರಾಕ್ಷಿ ತೋಟಗಳಲ್ಲಿ ಸಾಲುಗಳ ನಡುವೆ ಸಣ್ಣ ಟ್ರ್ಯಾಕ್ಟರ್ ಓಡಾಡುವುದನ್ನು ಎಲ್ಲರೂ ನೋಡಿದ್ದಾರೆ. ಬೆಳಿಗ್ಗೆ ಅದರ ಬೆನ್ನಿಗೆ ಔಷಧ ಸಿಂಪಡಿಸುವ ಬ್ಲೋವರ್ ಇರುತ್ತದೆ, ಮಧ್ಯಾಹ್ನ ರೋಟಾವೇಟರ್, ಸಂಜೆಗೆ ಟ್ರೇಲರ್. ಎಂಜಿನ್ ಒಂದೇ, ಕೆಲಸ ಮೂರು. ಇದು ಸಾಧ್ಯವಾದದ್ದು ಟ್ರ್ಯಾಕ್ಟರಿನ ಹಿಂಬದಿಯ ಕೊಂಡಿಯಿಂದ. ಎಲ್ಲೋ ದೂರದ ಕಾರ್ಖಾನೆಯಲ್ಲಿ ಟ್ರ್ಯಾಕ್ಟರ್ ತಯಾರಿಸಿದವರಿಗೆ ತಿಕೋಟಾದ ದ್ರಾಕ್ಷಿ ಸಾಲಿನ ಅಗಲ ಗೊತ್ತಿರಬೇಕಾಗಿಲ್ಲ. ಅವರು ಕೊಂಡಿ ಕೊಟ್ಟರೆ ಸಾಕು, ಅದಕ್ಕೆ ತಗುಲಿಸಬೇಕಾದ ಸಾಧನವನ್ನು ಊರಿನ ವೆಲ್ಡಿಂಗ್ ಅಂಗಡಿಯವನೇ ಅಳತೆಗೆ ತಕ್ಕಂತೆ ಮಾಡಿಕೊಡುತ್ತಾನೆ.

ಗಣಕಯಂತ್ರದಲ್ಲಿ ಬರೆಯಲು, ತಿದ್ದಲು ಬಳಸುವ ತಂತ್ರಾಂಶಕ್ಕೆ ‘ಎಡಿಟರ್’ ಎಂದು ಹೆಸರು. (ಪತ್ರಿಕೆಯ ಸಂಪಾದಕರಿಗೂ ಇದಕ್ಕೂ ಸಂಬಂಧವಿಲ್ಲ!) ಟೈಪಿಂಗ್ ಅಂಗಡಿಗಳಲ್ಲಿ ಕಾಣುವ ವರ್ಡ್, ಲಿಬ್ರೆ ಆಫೀಸ್‌ಗಳೂ ಈ ಕೆಲಸವನ್ನೇ ಮಾಡುತ್ತವೆ. ಇಂಥ ಬಹುಪಾಲು ತಂತ್ರಾಂಶಗಳಿಗೂ ಹಿಂಬದಿಯಲ್ಲಿ ಒಂದು ಕೊಂಡಿ ಇದೆ. ದಿನವೂ ಅವುಗಳ ಮುಂದೆ ಹತ್ತು ತಾಸು ಕೂರುವವರಲ್ಲಿ ಹೆಚ್ಚಿನವರು ಅದನ್ನು ಮುಟ್ಟಿಯೇ ನೋಡಿಲ್ಲ.

ಆ ಕೊಂಡಿ ಎಂದರೆ ಎಡಿಟರಿನ ಒಡಲಲ್ಲೇ ಅಡಗಿಸಿಟ್ಟ ಒಂದು ಪುಟ್ಟ ಭಾಷೆ. ಇದನ್ನು ಸ್ಕ್ರಿಪ್ಟಿಂಗ್ ಭಾಷೆ ಎನ್ನುತ್ತಾರೆ. ಈ ಭಾಷೆಯಲ್ಲಿ ಬರೆದ ಪುಟ್ಟ ಆದೇಶಮಾಲೆಗೆ ‘ಮ್ಯಾಕ್ರೋ’ ಎಂಬ ಹೆಸರು ಬಳಕೆಯಲ್ಲಿದೆ. ಎಡಿಟರಿಗೆ ಹುಟ್ಟಿನಿಂದಲೇ ಕೆಲವು ವಿದ್ಯೆಗಳು ಗೊತ್ತು: ಅಕ್ಷರ ಸೇರಿಸು, ಅಳಿಸು, ಹುಡುಕು, ಮುಂದಿನ ಸಾಲಿಗೆ ಹೋಗು. ಮ್ಯಾಕ್ರೋ ಮಾಡುವುದು ಇಷ್ಟೆ: ಈ ಬಿಡಿ ವಿದ್ಯೆಗಳನ್ನು ಪೋಣಿಸಿ, ನಡುವೆ ‘ಹೀಗಿದ್ದರೆ ಹೀಗೆ ಮಾಡು, ಇಲ್ಲದಿದ್ದರೆ ಹಾಗೆ ಮಾಡು’ ಎಂಬ ವಿವೇಚನೆ ಸೇರಿಸುವುದು. ಎಡಿಟರು ಅದನ್ನು ಸಾಲು ಸಾಲಾಗಿ ಓದಿಕೊಂಡು, ಹೇಳಿದಂತೆ ಮಾಡುತ್ತದೆ. ತಂತ್ರಾಂಶವನ್ನು ಬಿಚ್ಚಿ ಹೊಸದಾಗಿ ಕಟ್ಟುವ ಗೋಜಿಲ್ಲ.

ಒಂದು ಪಟ್ಟಿ, ಮೂರು ತಾಲೂಕು

ಇದರ ಉಪಯೋಗವೇನು? ಜಿಲ್ಲೆಯದೇ ಉದಾಹರಣೆ ಸಾಕು. ಬಿಜಾಪುರ, ವಿಜಾಪುರ ಎಂದು ಎರಡು ಬಗೆಯಲ್ಲಿ ಬರೆಯುತ್ತಿದ್ದ ಊರಿನ ಹೆಸರು 2014ರ ನವೆಂಬರ್ 1ರಂದು ಅಧಿಕೃತವಾಗಿ ವಿಜಯಪುರ ಎಂದಾಯಿತು. ಮುಂದೆ 2018ರಲ್ಲಿ ಹೊಸ ತಾಲೂಕುಗಳು ಅಸ್ತಿತ್ವಕ್ಕೆ ಬಂದಾಗ ಅದುವರೆಗೆ ವಿಜಯಪುರ ತಾಲೂಕಿನಲ್ಲಿದ್ದ ತಿಕೋಟಾ, ಬಬಲೇಶ್ವರ ಎರಡೂ ತಾಲೂಕು ಕೇಂದ್ರಗಳಾದವು. ಹೊನವಾಡ, ಕನಮಡಿ ಮೊದಲಾದ ಊರುಗಳು ತಿಕೋಟಾಕ್ಕೆ ಸೇರಿದವು. ಮಮದಾಪುರ, ಕಾಖಂಡಕಿ, ಸಾರವಾಡ ಬಬಲೇಶ್ವರಕ್ಕೆ ಬಂದವು. ಇನ್ನು ಕೆಲವು ಊರು ವಿಜಯಪುರ ತಾಲೂಕಿನಲ್ಲೇ ಉಳಿದವು.

ಈಗ ಒಂದು ಸಹಕಾರ ಸಂಘದ ಹಳೆಯ ಸದಸ್ಯರ ಪಟ್ಟಿಯನ್ನು ತಿದ್ದಬೇಕಾಗಿದೆ ಎಂದುಕೊಳ್ಳಿ. 400 ಹೆಸರು, ಪ್ರತಿ ಹೆಸರಿನ ಮುಂದೆ ಊರು, ಅದರ ಮುಂದೆ ‘ತಾ|| ವಿಜಯಪುರ’. ‘ಹುಡುಕಿ ಬದಲಿಸು’ ಎಂಬ ಸಿದ್ಧ ಸೌಲಭ್ಯ ಇಲ್ಲಿ ನೆರವಿಗೆ ಬಾರದು, ಏಕೆಂದರೆ ಅದು ಎಲ್ಲವನ್ನೂ ಒಂದೇ ಹೆಸರಿಗೆ ಬದಲಿಸಿಬಿಡುತ್ತದೆ. ಯಾವುದು ತಿಕೋಟಾ, ಯಾವುದು ಬಬಲೇಶ್ವರ ಎಂಬುದು ಪಕ್ಕದ ಊರಿನ ಹೆಸರನ್ನು ಓದಿದರೆ ಮಾತ್ರ ತಿಳಿಯುತ್ತದೆ. ಕೈಯಿಂದ ತಿದ್ದಲು ಒಂದು ಹೆಸರಿಗೆ 15 ಸೆಕೆಂಡು ಹಿಡಿದರೂ 400 ಹೆಸರಿಗೆ 6000 ಸೆಕೆಂಡು, ಅಂದರೆ 100 ನಿಮಿಷ. ಅಷ್ಟರಲ್ಲಿ ಕಣ್ಣು ದಣಿದು ಎರಡು ಕಡೆ ತಪ್ಪಿದರೆ, ಆ ಇಬ್ಬರು ರೈತರ ಸಾಲದ ಕಾಗದಕ್ಕೂ ಉತಾರಕ್ಕೂ ತಾಳೆಯಾಗುವುದಿಲ್ಲ. ತಪ್ಪು ಅಂಗಡಿಯದು, ಓಡಾಟ ಮಾತ್ರ ರೈತನದು.

ಇದಕ್ಕೆ ಬೇಕಾದ ಮ್ಯಾಕ್ರೋವನ್ನು ಕನ್ನಡದಲ್ಲಿ ಹೇಳುವುದಾದರೆ ಐದೇ ಮಾತು. ಒಂದು, ಸಾಲನ್ನು ಓದು. ಎರಡು, ಅದರಲ್ಲಿರುವ ಊರಿನ ಹೆಸರನ್ನು ಎತ್ತಿಕೋ. ಮೂರು, ಆ ಊರು ಯಾವ ತಾಲೂಕಿನದೆಂದು ಕೊಟ್ಟಿರುವ ಕೋಷ್ಟಕದಲ್ಲಿ ನೋಡು. ನಾಲ್ಕು, ಸಿಕ್ಕರೆ ಹಳೆಯ ತಾಲೂಕನ್ನು ಅಳಿಸಿ ಹೊಸದನ್ನು ಬರೆ. ಐದು, ಸಿಗದಿದ್ದರೆ ಏನನ್ನೂ ಬದಲಿಸದೆ ಆ ಸಾಲಿಗೆ ಕೆಂಪು ಬಣ್ಣ ಹಚ್ಚಿ ಮುಂದೆ ಹೋಗು. ಈ ಐದನೆಯ ಮಾತೇ ಎಲ್ಲಕ್ಕಿಂತ ಮುಖ್ಯ. ಗೊತ್ತಿಲ್ಲದ್ದನ್ನು ಯಂತ್ರ ಊಹಿಸಬಾರದು, ಮನುಷ್ಯನ ಮುಂದೆ ತಂದಿಡಬೇಕು. 400 ಸಾಲುಗಳ ಕೆಲಸ ಕೆಲವೇ ಕ್ಷಣಗಳಲ್ಲಿ ಮುಗಿಯುತ್ತದೆ. ಕೆಂಪಾದ ಹತ್ತಿಪ್ಪತ್ತು ಸಾಲುಗಳನ್ನು ನೋಡಲು ದಣಿಯದ ಕಣ್ಣು ಉಳಿದಿರುತ್ತದೆ.

‘ಕನಮಡಿಕ್ಕೆ’ ಸ್ವಾಗತ!

ಕನ್ನಡಕ್ಕೆ ಇಂಥ ಕೊಂಡಿ ಇಂಗ್ಲಿಷಿಗಿಂತ ಹೆಚ್ಚು ಅಗತ್ಯ. ಒಂದೇ ಆಮಂತ್ರಣ ಪತ್ರವನ್ನು ಹಲವು ಊರಿಗೆ ಹೊಂದಿಸುವ ‘ಮೇಲ್ ಮರ್ಜ್’ ಸೌಲಭ್ಯವನ್ನೇ ನೋಡಿ. ಇಂಗ್ಲಿಷಿನಲ್ಲಿ ಊರಿನ ಹೆಸರು ಯಾವುದಾದರೂ ಅದರ ಹಿಂದಿನ ಶಬ್ದ ಬದಲಾಗದು. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯ ಹೆಸರಿಗೇ ಅಂಟಿಕೊಳ್ಳುತ್ತದೆ, ಹೆಸರಿನ ಕೊನೆಯ ಸ್ವರಕ್ಕೆ ತಕ್ಕಂತೆ ರೂಪ ಬದಲಿಸುತ್ತದೆ. ‘ಸಾರವಾಡಕ್ಕೆ, ಸಾರವಾಡದಲ್ಲಿ’ ಸರಿ. ಆದರೆ ಅದೇ ಅಚ್ಚಿಗೆ ಕನಮಡಿಯನ್ನು ಕೂರಿಸಿದರೆ ‘ಕನಮಡಿಕ್ಕೆ, ಕನಮಡಿದಲ್ಲಿ’ ಎಂದು ಬಂದು ಓದಿದವರು ನಗುತ್ತಾರೆ.

ಹೆಸರಿನ ಕೊನೆ ‘ಅ’ ಆದರೆ ಕ್ಕೆ, ದಲ್ಲಿ, ದಿಂದ. ‘ಇ’ ಅಥವಾ ‘ಎ’ ಆದರೆ ಗೆ, ಯಲ್ಲಿ, ಯಿಂದ. ಬೆಂಗಳೂರಿನಂತೆ ‘ಉ’ ಆದರೆ ಆ ಉಕಾರವನ್ನು ಬಿಟ್ಟು ಇಗೆ, ಇನಲ್ಲಿ, ಇನಿಂದ. ಶಾಲೆಯಲ್ಲಿ ಕಲಿತ ವ್ಯಾಕರಣವೇ! ಹೆಸರಿನ ಕೊನೆಯ ಚಿಹ್ನೆಯನ್ನು ನೋಡಿ ಪ್ರತ್ಯಯ ಆರಿಸು ಎಂದು ಮ್ಯಾಕ್ರೋಗೆ ಹೇಳಲು ಹತ್ತು ಹನ್ನೆರಡು ಸಾಲು ಸಾಕು. ಜಗತ್ತಿಗೆಲ್ಲ ಒಂದೇ ತಂತ್ರಾಂಶ ಮಾರುವ ಕಂಪನಿ ಕನಮಡಿಯ ಚತುರ್ಥೀ ವಿಭಕ್ತಿಯ ಬಗ್ಗೆ ತಲೆ ಕೆಡಿಸಿಕೊಳ್ಳಲಿ ಎಂದು ಕಾಯುತ್ತ ಕೂರಬೇಕಾಗಿಲ್ಲ.

ಈ ಉಪಾಯ ಸುಲಭವಾಗುವುದು ಯೂನಿಕೋಡ್ ಪಠ್ಯದಲ್ಲಿ. 1991ರಲ್ಲಿ ಬಂದ ಯೂನಿಕೋಡ್ ಸಂಕೇತ ವ್ಯವಸ್ಥೆಯಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಗುಣಿತ ಚಿಹ್ನೆಗೂ ಅದರದೇ ಸಂಖ್ಯೆಯಿದೆ. ‘ಕನಮಡಿ’ಯ ಕೊನೆಯಲ್ಲಿ ಗುಡಿಸು ಬೇರೆಯಾಗಿಯೇ ಕಾಣುತ್ತದೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಹಾಗಲ್ಲ. ಅಲ್ಲಿ ದಾಖಲಾಗುವುದು ಅಕ್ಷರದ ಆಕಾರ. ‘ಕರ್ನಾಟಕ’ ಎಂಬ ಪದವನ್ನೇ ತೆಗೆದುಕೊಳ್ಳಿ. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವಂತೆ ‘ನಾ’ ಆದ ಮೇಲೆ ಬರುತ್ತದೆ. ಯೂನಿಕೋಡಿನಲ್ಲಿ ಉಚ್ಚಾರಣೆಯಂತೆ ರಕಾರ ಮೊದಲು, ‘ನಾ’ ಆಮೇಲೆ. ‘ಅಕ್ಕಿ’ಯಲ್ಲೂ ಅಷ್ಟೆ: ಹಳೆಯದರಲ್ಲಿ ಮೊದಲು ‘ಕಿ’, ನಂತರ ಒತ್ತು, ಹೊಸದರಲ್ಲಿ ಗುಡಿಸು ಎಲ್ಲಕ್ಕೂ ಕೊನೆ. ಆದ್ದರಿಂದ ಹಳೆಯ ಪಠ್ಯವನ್ನು ಹೊಸದಕ್ಕೆ ತರುವಾಗ ಒಂದು ಸಂಕೇತದ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ಸಾಲದು. ಅಕ್ಷರಗಳ ಸರದಿಯನ್ನೂ ಅದಲುಬದಲು ಮಾಡಬೇಕು. ಇದೂ ಸ್ಕ್ರಿಪ್ಟಿನ ಕೆಲಸವೇ. ಅರವಿಂದ ವಿ.ಕೆ. ಅವರು ಬರೆದು ಮುಕ್ತವಾಗಿ ಹಂಚಿದ, ಪೈಥಾನ್ ಭಾಷೆಯ ಪರಿವರ್ತಕ ಇದಕ್ಕೊಂದು ಒಳ್ಳೆಯ ಮಾದರಿ.

ಟೈಪಿಸ್ಟರು ಕಲಿತ ಕಥೆ

‘ಇದೆಲ್ಲ ಎಂಜಿನಿಯರುಗಳ ವಿದ್ಯೆ, ಟೈಪು ಮಾಡುವವರಿಗೆ ಏಕೆ?’ ಎಂದು ಕೇಳುವವರಿಗೆ ಇತಿಹಾಸದಲ್ಲಿ ಉತ್ತರವಿದೆ. ಅಮೆರಿಕದ ಎಂ.ಐ.ಟಿ. ಸಂಸ್ಥೆಯಲ್ಲಿ 1976ರಲ್ಲಿ ರಿಚರ್ಡ್ ಸ್ಟಾಲ್‌ಮನ್, ಗೈ ಸ್ಟೀಲ್ ಮೊದಲಾದವರು ಅಲ್ಲಲ್ಲಿ ಚದುರಿದ್ದ ಮ್ಯಾಕ್ರೋಗಳನ್ನು ಒಟ್ಟುಗೂಡಿಸಿ ಒಂದು ಎಡಿಟರನ್ನು ರೂಪಿಸಿದರು. ‘ಎಡಿಟರ್ ಮ್ಯಾಕ್ರೋಸ್’ ಎಂಬುದನ್ನು ಮೊಟಕುಗೊಳಿಸಿ ಅದಕ್ಕೆ ‘ಈಮ್ಯಾಕ್ಸ್’ ಎಂದು ಹೆಸರಾಯಿತು. 1978ರಲ್ಲಿ ಬರ್ನಾರ್ಡ್ ಗ್ರೀನ್‌ಬರ್ಗ್ ಎಂಬವರು ಅದೇ ಮಾದರಿಯ ಎಡಿಟರನ್ನು ಮಲ್ಟಿಕ್ಸ್ ಎಂಬ ಗಣಕ ವ್ಯವಸ್ಥೆಗಾಗಿ ಲಿಸ್ಪ್ ಭಾಷೆಯಲ್ಲಿ ಬರೆದರು.

ಮುಂದೆ ನಡೆದದ್ದು ಸ್ವಾರಸ್ಯಕರ. ಗ್ರೀನ್‌ಬರ್ಗ್ ಅವರ ಕಚೇರಿಯ ಟೈಪಿಂಗ್ ಕೆಲಸದ ಸಿಬ್ಬಂದಿಗೆ ಒಂದು ಕೈಪಿಡಿ ಸಿಕ್ಕಿತು. ಎಡಿಟರಿಗೆ ಹೊಸ ಆಜ್ಞೆಗಳನ್ನು ಸೇರಿಸುವುದು ಹೇಗೆಂದು ಅದರಲ್ಲಿ ವಿವರಿಸಿತ್ತು. ಇದು ಪ್ರೋಗ್ರಾಮಿಂಗ್ ಎಂದು ಮಾತ್ರ ಎಲ್ಲೂ ಹೇಳಿರಲಿಲ್ಲ! ತಮಗೆ ಪ್ರೋಗ್ರಾಮಿಂಗ್ ಬಾರದೆಂದು ನಂಬಿದ್ದ ಅವರು ಹೆದರಲಿಲ್ಲ. ಓದಿದರು, ಮಾಡಿ ನೋಡಿದರು, ಕಲಿತೇಬಿಟ್ಟರು. ಸ್ಟಾಲ್‌ಮನ್ ಅವರು 2002ರ ಒಂದು ಉಪನ್ಯಾಸದಲ್ಲಿ ಈ ಪ್ರಸಂಗವನ್ನು ನೆನಪಿಸಿಕೊಂಡಿದ್ದಾರೆ. 1985ರಲ್ಲಿ ಅವರು ಬಿಡುಗಡೆ ಮಾಡಿದ ಗ್ನೂ ಈಮ್ಯಾಕ್ಸ್‌ನ ಒಳಗೂ ಲಿಸ್ಪ್ ಇತ್ತು. ಇಂದು ಆ ಎಡಿಟರಿನಲ್ಲಿ ಕನ್ನಡ ಟೈಪು ಮಾಡುವ ವಿಧಾನಗಳೂ ಅದೇ ಒಡಲಭಾಷೆಯಲ್ಲಿ ಬರೆದು ಸೇರಿಸಿದವು.

ಲಿಸ್ಪ್ ಒಂದೇ ಅಲ್ಲ. 1993ರಲ್ಲಿ ಬ್ರೆಜಿಲ್ ದೇಶದ ರಿಯೊ ನಗರದ ವಿಶ್ವವಿದ್ಯಾಲಯವೊಂದರಲ್ಲಿ ಹುಟ್ಟಿದ ‘ಲುವಾ’ ಭಾಷೆ, ಬೇರೆ ತಂತ್ರಾಂಶಗಳ ಒಡಲಲ್ಲಿ ಕೂರುವುದಕ್ಕೆ ಹೇಳಿ ಮಾಡಿಸಿದ್ದು. ಪೋರ್ಚುಗೀಸ್ ಭಾಷೆಯಲ್ಲಿ ಲುವಾ ಎಂದರೆ ಚಂದ್ರ. ವರ್ಡ್‌ನಲ್ಲಿ 1997ರ ಆವೃತ್ತಿಯಿಂದ ವಿಷುವಲ್ ಬೇಸಿಕ್‌ನ ಒಂದು ರೂಪ ಇದೆ. ಲಿಬ್ರೆ ಆಫೀಸ್‌ನಲ್ಲಿ ಬೇಸಿಕ್ ಜೊತೆಗೆ ಪೈಥಾನನ್ನೂ ಬಳಸಬಹುದು, ಅದಕ್ಕೆ ಹಣವನ್ನೂ ಕೊಡಬೇಕಿಲ್ಲ. ಹೊಸಬರಿಗೆ ಸುಲಭ ದಾರಿ ವರ್ಡ್‌ನ ‘ರೆಕಾರ್ಡ್ ಮ್ಯಾಕ್ರೋ’. ಅದನ್ನು ಒತ್ತಿ ಒಂದು ಕೆಲಸವನ್ನು ಕೈಯಿಂದ ಮಾಡಿದರೆ, ಮಾಡಿದ್ದನ್ನೆಲ್ಲ ಅದು ತನ್ನ ಭಾಷೆಯಲ್ಲಿ ಬರೆದಿಡುತ್ತದೆ. ಆ ಬರಹವನ್ನು ತೆರೆದು ಓದುವುದೇ ಮೊದಲ ಪಾಠ.

ಇತ್ತೀಚಿನ ವರ್ಷಗಳಲ್ಲಿ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಕೇಳಿದರೆ ಮ್ಯಾಕ್ರೋ ಬರೆದುಕೊಡುತ್ತವೆ. ಒಳ್ಳೆಯದೇ. ಆದರೆ ಏನನ್ನು ಬದಲಿಸಬಾರದು ಎಂಬುದನ್ನು ಹೇಳಬೇಕಾದವರು ಕೆಲಸ ಬಲ್ಲವರೇ. 1998ರ ಖರೀದಿ ಪತ್ರದ ನಕಲಿನಲ್ಲಿ ‘ಬಿಜಾಪುರ ತಾಲೂಕು’ ಎಂದಿದ್ದರೆ ಅದು ಹಾಗೆಯೇ ಇರಬೇಕು. ನಕಲನ್ನು ತಿದ್ದಿದರೆ ಅದು ನಕಲಾಗಿ ಉಳಿಯುವುದಿಲ್ಲ. ಛತ್ತೀಸಗಡದಲ್ಲೂ ಒಂದು ಬಿಜಾಪುರ ಜಿಲ್ಲೆ ಇದೆ. ಅದಕ್ಕೆ ಯಾರೂ ವಿಜಯಪುರ ಎಂದು ಹೆಸರಿಟ್ಟಿಲ್ಲ.

ಎಚ್ಚರವೂ ಬೇಕು

ಮನುಷ್ಯ ಎರಡು ತಪ್ಪು ಮಾಡುವಷ್ಟರಲ್ಲಿ ಮ್ಯಾಕ್ರೋ 400 ತಪ್ಪು ಮಾಡಬಲ್ಲದು. ಆದ್ದರಿಂದ ಮೊದಲು ಮೂಲ ಕಡತದ ಪ್ರತಿ ತೆಗೆದಿಡಬೇಕು, ಹತ್ತು ಸಾಲಿನ ಮೇಲೆ ಪ್ರಯೋಗಿಸಿ ನೋಡಬೇಕು, ಆಮೇಲೆ ಪೂರ್ತಿ ಪಟ್ಟಿ. ಎರಡನೆಯದಾಗಿ, ಬೇರೆಯವರು ಕಳಿಸಿದ ಕಡತದೊಳಗಿನ ಮ್ಯಾಕ್ರೋವನ್ನು ಕಣ್ಣುಮುಚ್ಚಿ ನಡೆಸಬಾರದು. 1995ರ ‘ಕಾನ್ಸೆಪ್ಟ್’, 1999ರ ‘ಮೆಲಿಸ್ಸಾ’ ವೈರಸ್‌ಗಳು ವರ್ಡ್ ಕಡತಗಳ ಈ ಕೊಂಡಿಯನ್ನೇ ಹಿಡಿದು ಹಬ್ಬಿದವು. ಅಂತರಜಾಲದಿಂದ ಬಂದ ಕಡತಗಳ ಮ್ಯಾಕ್ರೋಗಳನ್ನು ಮೈಕ್ರೋಸಾಫ್ಟ್ 2022ರಿಂದ ತಾನಾಗಿಯೇ ತಡೆಹಿಡಿಯುತ್ತಿರುವುದು ಈ ಕಾರಣಕ್ಕೇ.

ಕೆಲಸಕ್ಕೆ ಬೇಕಾದ ಸಾಧನವನ್ನು ತಾನೇ ಒದಗಿಸಿಕೊಳ್ಳುವುದು ವಿಜಯಪುರಕ್ಕೆ ಹೊಸದೇನಲ್ಲ. ವಚನಗಳನ್ನು ಬೆಳಕಿಗೆ ತಂದ ಫ.ಗು. ಹಳಕಟ್ಟಿಯವರು ಪರರ ಮುದ್ರಣಾಲಯಗಳನ್ನು ನೆಚ್ಚಿ ಕೂರದೆ 1925ರಲ್ಲಿ ಈ ಊರಿನಲ್ಲೇ ‘ಹಿತಚಿಂತಕ’ ಮುದ್ರಣಾಲಯ ಆರಂಭಿಸಿದರು. ಮರುವರ್ಷ ‘ಶಿವಾನುಭವ’ ಪತ್ರಿಕೆ ಹೊರಬಂತು. ಇಂದು ಅಷ್ಟು ದೊಡ್ಡ ತ್ಯಾಗವೂ ಬೇಡ, ಬಂಡವಾಳವೂ ಬೇಡ. ಬಬಲೇಶ್ವರದ ಒಂದು ಟೈಪಿಂಗ್ ಅಂಗಡಿಯಲ್ಲಿ ಹತ್ತನೆಯ ತರಗತಿ ಓದಿ ಕೆಲಸಕ್ಕೆ ಸೇರಿದ ಹುಡುಗಿಗೆ ಯಾವ ಊರು ಯಾವ ತಾಲೂಕೆಂದು ಬಾಯಿಪಾಠವಿದೆ, ವಿಭಕ್ತಿಗಳೂ ಗೊತ್ತು. ಐದು ಮಾತಿನ ಆದೇಶ ಬರೆಯಲು ಬೇಕಾದ ತಿಳಿವಳಿಕೆಯ ಮುಕ್ಕಾಲು ಪಾಲು ಅದೇ. ಉಳಿದ ಕಾಲು ಪಾಲನ್ನು ‘ಇದು ಪ್ರೋಗ್ರಾಮಿಂಗ್’ ಎಂದು ಹೆದರಿಸದೆ ಯಾರಾದರೂ ಒಂದೆರಡು ಭಾನುವಾರ ಕುಳಿತು ಕಲಿಸಿದರೆ ಸಾಕು.