ನೋವಿನ ಗುಳಿಗೆಯ ಎರಡನೆಯ ವೃತ್ತಿ

ತಲೆನೋವೆಂದೊಡನೆ ಲೋಟದ ನೀರಿಗೆ ಹಾಕಿ, ಬುರುಬುರನೆ ನೊರೆಯೆದ್ದು ಕರಗುವುದನ್ನು ಕಾದು ಕುಡಿಯುತ್ತಿದ್ದ ಆ ಬಿಳಿಯ ಬಿಲ್ಲೆಯನ್ನು ಬಲ್ಲ ತಲೆಮಾರು ಇನ್ನೂ ನಮ್ಮ ನಡುವೆ ಇದೆ. ಅದೇ ಆಸ್ಪಿರಿನ್ ಇಂದು ಅದೇ ಹಿರಿಯರ ಔಷಧದ ಡಬ್ಬಿಯಲ್ಲಿ, ಬೀಪಿ ಶುಗರಿನ ಗುಳಿಗೆಗಳ ನೆರೆಯಲ್ಲಿ, ‘ರಕ್ತ ತೆಳು ಮಾಡುವ ಗುಳಿಗೆ’ ಎಂಬ ನಾಮಾಂತರದಿಂದ ನೆಲೆಸಿದೆ. ಅದು ವೃತ್ತಿಯನ್ನೇ ಬದಲಿಸಿದರೂ ನಮ್ಮ ಸಲುಗೆ ಮಾತ್ರ ಹಳೆಯದೇ.

ವಿಲೋ ಮರದ ತೊಗಟೆಯ ಪುಡಿಯಿಂದ ಜ್ವರವಿಳಿಯುವುದೆಂದು ಇಂಗ್ಲೆಂಡಿನ ಪಾದ್ರಿ ಎಡ್ವರ್ಡ್ ಸ್ಟೋನ್ 1763ರಲ್ಲಿ ರಾಯಲ್ ಸೊಸೈಟಿಗೆ ತಿಳಿಸಿದನು. ಜರ್ಮನಿಯ ಬೇಯರ್ ಕಂಪನಿಯ ಪ್ರಯೋಗಶಾಲೆಯಲ್ಲಿ 1897ರಲ್ಲಿ ಸಿದ್ಧವಾದ ಗುಳಿಗೆಯ ದ್ರವ್ಯ ಆ ತೊಗಟೆಯ ಸತ್ತ್ವಕ್ಕೆ ಸಮೀಪದ ಬಂಧು. ಆದರೆ ಅದು ಶರೀರದಲ್ಲಿ ಏನು ಮಾಡುತ್ತದೆಂಬ ರಹಸ್ಯ ಬಯಲಾದದ್ದು ಜಾನ್ ವೇನ್ ಎಂಬ ವಿಜ್ಞಾನಿಯಿಂದ, 1971ರಲ್ಲಿ. ನೋವು, ಉರಿಯೂತಗಳಿಗೆ ಕಾರಣವಾದ ಪ್ರೊಸ್ಟಗ್ಲಾಂಡಿನ್ ಎಂಬ ದ್ರವ್ಯಗಳ ಉತ್ಪತ್ತಿಯನ್ನು ಅದು ತಡೆಯುತ್ತದೆ. ಅಷ್ಟೇ ಅಲ್ಲದೆ, ರಕ್ತ ಹೆಪ್ಪುಗಟ್ಟಲು ಮೊದಲು ಮುನ್ನುಗ್ಗುವ ಪ್ಲೇಟ್‌ಲೆಟ್ ಕಣಗಳು ಒಂದಕ್ಕೊಂದು ಅಂಟಿಕೊಳ್ಳುವ ಶಕ್ತಿಯನ್ನು, ಅವು ಬದುಕಿರುವ ಎಂಟು ಹತ್ತು ದಿನಗಳವರೆಗೂ ಕುಂದಿಸಿಬಿಡುತ್ತದೆ. 75 ಮಿಲಿಗ್ರಾಮಿನ ಪುಟ್ಟ ಗುಳಿಗೆ ನುಂಗುವವರ ಗಲ್ಲದ ಮೇಲೆ ಬ್ಲೇಡಿನ ಗೀರಿನ ರಕ್ತ ಬೇಗ ನಿಲ್ಲದಿರುವುದು ಇದರಿಂದಲೇ.

ಹೃದಯಾಘಾತವಾದವರಿಗೆ, ಸ್ಟೆಂಟ್ ಹಾಕಿಸಿಕೊಂಡವರಿಗೆ, ಮಿದುಳಿನ ನಾಳ ಕಟ್ಟಿಕೊಂಡು ಪಾರ್ಶ್ವವಾಯುವಿಗೆ ತುತ್ತಾದವರಿಗೆ ಇದರಿಂದಾಗುವ ಉಪಕಾರ ನಿಸ್ಸಂದೇಹ. ಆದರೆ ಯಾವ ತೊಂದರೆಯೂ ಇಲ್ಲದ ಹಿರಿಯರು, ವಾಯುವಿಹಾರದ ಗೆಳೆಯರೊಬ್ಬರ ಬೋಧೆಯಿಂದ, ‘ಇರಲಿ, ಸಣ್ಣ ಗುಳಿಗೆ ತಾನೆ’ ಎಂದು ದಿನವೂ ನುಂಗುವುದನ್ನು ನಾನು ಒಪ್ಪಲಾರೆ. ಆಸ್ಟ್ರೇಲಿಯಾ ಮತ್ತು ಅಮೆರಿಕಗಳಲ್ಲಿ 19,000ಕ್ಕೂ ಮಿಕ್ಕ ಆರೋಗ್ಯವಂತ ವೃದ್ಧರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹೃದಯಕ್ಕೆ ಗಣನೀಯ ಲಾಭವೇನೂ ಕಾಣಲಿಲ್ಲ. ಕಂಡದ್ದು ರಕ್ತಸ್ರಾವದ ಹೆಚ್ಚಳ. ಜಠರದ ಒಳಪೊರೆಯನ್ನು ಕಾಯುವುದೂ ಪ್ರೊಸ್ಟಗ್ಲಾಂಡಿನ್ನೇ ಆದುದರಿಂದ ಇದರಲ್ಲಿ ಆಶ್ಚರ್ಯವಿಲ್ಲ.

ಮಳೆಗಾಲದ ಡೆಂಗಿಯಲ್ಲಂತೂ ಈ ಸಲುಗೆ ಅಪಾಯಕರ. ಪ್ಲೇಟ್‌ಲೆಟ್ಟುಗಳು ತಾವಾಗಿಯೇ ಕ್ಷೀಣಿಸುತ್ತಿರುವ ಆ ಜ್ವರದಲ್ಲಿ, ಮೈಕೈ ನೋವೆಂದು ಡಬ್ಬಿಯೊಳಗಿನ ಆಸ್ಪಿರಿನ್ ತೆಗೆದುಕೊಳ್ಳಕೂಡದು. ಮಿದುಳಿಗೂ ಯಕೃತ್ತಿಗೂ ಆಘಾತ ತರುವ ವಿರಳ ವ್ಯಾಧಿಯ ಭಯವಿರುವುದರಿಂದ ಜ್ವರದ ಮಕ್ಕಳಿಗೂ ಕೊಡಕೂಡದು. ಇನ್ನು, ವೈದ್ಯರೇ ಬರೆದುಕೊಟ್ಟು ನಿತ್ಯ ಸೇವಿಸುತ್ತಿರುವವರು ಇದನ್ನೋದಿ ಹೆದರಿ ನಾಳೆಯಿಂದ ನಿಲ್ಲಿಸದಿರಲಿ. ಹಲ್ಲು ಕೀಳಿಸುವ ಮುನ್ನವೂ ಒಂದು ಮಾತು ಅವರನ್ನೇ ಕೇಳಲಿ.