ಸಾಹೇಬರು ಕೋಣೆಯಿಂದ ಹೊರಗೆ ಹೋದ ಮೇಲೆ

ಕಾಡು ಕಾಯುವ ತಂಡದಿಂದ ಹೇಳಿ ಮಾಡಿಸಬೇಕೋ, ಕೇಳಿ ಮಾಡಿಸಬೇಕೋ? ಜೋಯಿಡಾ ತಾಲೂಕಿನ ಕುಂಬಾರವಾಡದ ಕಡೆ ಚಳಿ ಇಳಿದು ತರಗೆಲೆ ಉದುರತೊಡಗಿದರೆ ಈ ವಾದವೂ ಶುರುವಾಗುತ್ತದೆ. ‘ಹೇಳಿ ಮಾಡಿಸುವ’ ಪಕ್ಷದವರ ಮಾತುಗಳು ನನಗೀಗ ಬಾಯಿಪಾಠ. ಒಂದೊಂದನ್ನೇ ಎತ್ತಿಕೊಳ್ಳುತ್ತೇನೆ, ತೀರ್ಪು ಓದುಗರದು.

ಮೊದಲನೆಯದು ಅವರ ರಾಮಬಾಣ: ‘ಬೆಂಕಿ ಬಿದ್ದಾಗ ಸಭೆ ಕರೆಯುತ್ತೀರಾ?’ ಇಲ್ಲ, ಕರೆಯುವುದಿಲ್ಲ. ಕರೆಯಿರಿ ಎಂದು ಯಾರೂ ಹೇಳಿಯೂ ಇಲ್ಲ. ಮಾರ್ಚ್‌ನಲ್ಲಿ ಉರಿ ಎದುರಿಗೆ ನಿಂತಾಗ ಒಬ್ಬ ಕೂಗಬೇಕು, ಉಳಿದವರು ಹಸಿ ಸೊಪ್ಪು ಹಿಡಿದು ಬಡಿಯಬೇಕು. ಆದರೆ ಬೆಂಕಿ ರೇಖೆ ಎಲ್ಲಿ ಸವರಬೇಕು, ಯಾರು ಎಲ್ಲಿ ಕಾವಲಿರಬೇಕು ಎಂಬುದು ತೀರ್ಮಾನವಾಗುವುದು ಡಿಸೆಂಬರ್, ಜನವರಿಯಲ್ಲಿ. ಆಗ ಯಾವ ಬೆಂಕಿ ಬಿದ್ದಿರುತ್ತದೆ? ಅರ್ಧ ಗಂಟೆಯ ತುರ್ತು ತೋರಿಸಿ ವರ್ಷವಿಡೀ ದರ್ಬಾರು ನಡೆಸಲು ಪರವಾನಗಿ ಕೇಳುತ್ತಿದ್ದಾರೆ, ಅಷ್ಟೇ. ಇನ್ನು ಆ ಅರ್ಧ ಗಂಟೆಯಲ್ಲಾದರೂ ಬರೀ ಆಜ್ಞೆ ಸಾಕೇ? 1949ರ ಆಗಸ್ಟ್ 5ರಂದು ಅಮೆರಿಕದ ಮೊಂಟಾನಾದ ಮ್ಯಾನ್ ಗಲ್ಚ್ ಕಣಿವೆಯಲ್ಲಿ ಕಾಳ್ಗಿಚ್ಚು ಬೆನ್ನಟ್ಟಿತು. ತಂಡದ ಮುಖ್ಯಸ್ಥ ವ್ಯಾಗ್ನರ್ ಡಾಜ್ ತನ್ನ ಮುಂದಿನ ಹುಲ್ಲಿಗೆ ತಾನೇ ಬೆಂಕಿ ಕೊಟ್ಟು, ಸುಟ್ಟ ಜಾಗದೊಳಗೆ ಬನ್ನಿ ಎಂದು ಕೂಗಿದ. ಆಜ್ಞೆ ನೂರಕ್ಕೆ ನೂರು ಸರಿಯಾಗಿತ್ತು. ಒಬ್ಬನೂ ಬರಲಿಲ್ಲ. ಒಟ್ಟಿಗೆ ಕೆಲಸ ಮಾಡಿ ಪಳಗಿದ ತಂಡವಲ್ಲ ಅದು. ಈತನಿಗೆ ತಲೆ ಕೆಟ್ಟಿದೆ ಎಂದುಕೊಂಡು ಓಡಿದರು. 13 ಮಂದಿ ಸತ್ತರು, ಡಾಜ್ ಅದೇ ಬೂದಿಯಲ್ಲಿ ಮಲಗಿ ಬದುಕಿದ.

ಎರಡನೆಯದನ್ನು ತರುವವರು ಸ್ವಲ್ಪ ಓದಿಕೊಂಡವರು. ‘ಗದರಿಸುವ ನಾಯಕನ ಕೈಕೆಳಗೆ ಕೆಲಸ ಹೆಚ್ಚು ಆಗುತ್ತದೆ, ಪ್ರಯೋಗವೇ ಹೇಳಿದೆ’ ಎನ್ನುತ್ತಾರೆ. ಕುರ್ಟ್ ಲೆವಿನ್ ಮತ್ತು ಸಂಗಡಿಗರು ಅಮೆರಿಕದ ಅಯೋವಾದಲ್ಲಿ ಹುಡುಗರ ಗುಂಪುಗಳ ಮೇಲೆ ಮಾಡಿ 1939ರಲ್ಲಿ ಪ್ರಕಟಿಸಿದ ಪ್ರಯೋಗ ಅದು. ನಿಜ, ಗದರಿಸುವ ನಾಯಕನಿಗೆ ತಗ್ಗಿಬಗ್ಗಿ ನಡೆದ ಗುಂಪಿನ ಹುಡುಗರು ನಾಯಕ ಎದುರಿಗಿದ್ದಾಗ ಶೇಕಡಾ 74ರಷ್ಟು ಹೊತ್ತು ಕೆಲಸದಲ್ಲಿದ್ದರು; ಕೇಳಿ ಮಾಡಿಸುವ ನಾಯಕನ ಗುಂಪಿನಲ್ಲಿ ಅದು 50. ಇಲ್ಲಿಗೆ ನಮ್ಮ ಮಿತ್ರರು ಪುಸ್ತಕ ಮುಚ್ಚಿಬಿಡುತ್ತಾರೆ. ಮುಂದಿನ ಸಾಲಿನಲ್ಲಿ ನಾಯಕ ಕೋಣೆಯಿಂದ ಹೊರಗೆ ಹೋಗುತ್ತಾನೆ. ಆಗ 74 ಇದ್ದದ್ದು 29ಕ್ಕೆ ಕುಸಿಯುತ್ತದೆ, 50 ಇದ್ದದ್ದು 46ರಲ್ಲಿ ನಿಲ್ಲುತ್ತದೆ. ಈಗ ಹೇಳಿ, ಮೊಬೈಲ್ ಸಿಗ್ನಲ್ ಸಿಗದ ಬೀಟಿನಲ್ಲಿ ಇಬ್ಬರು ವಾಚರ್‌ಗಳು ನಡೆಯುತ್ತಿರುವಾಗ ಸಾಹೇಬರು ಕೋಣೆಯ ಒಳಗಿದ್ದಾರೋ, ಹೊರಗೋ? ಕಾಡಿನ ಕೆಲಸದಲ್ಲಿ ನಾಯಕ ಸದಾ ಹೊರಗೇ.

‘ಕೆಳಗಿನವರಿಗೆ ತಿಳಿವಳಿಕೆ ಸಾಲದು’ ಎಂಬುದು ಮೂರನೆಯ ಮಾತು. ಒಂದು ಜನವರಿಯ ಬೆಳಿಗ್ಗೆ ನಾನೇ ಕಂಡದ್ದು, ಊರು ಹೆಸರು ಬೇಡ. ಜೀಪಿನ ಬಾನೆಟ್ ಮೇಲೆ ನಕ್ಷೆ ಹರಡಿತ್ತು. ಅದರಲ್ಲೊಂದು ಹಳ್ಳ, ಹಳ್ಳವಿದ್ದ ಕಡೆ ಬೆಂಕಿ ತಾನೇ ನಿಲ್ಲುತ್ತದೆಂದು ರೇಖೆ ಬಿಟ್ಟಿದ್ದರು. ಹಿಂದೆ ನಿಂತಿದ್ದ ಮುದುಕ ವಾಚರ್ ಕೆಮ್ಮಿದ. ಹೊಸ ಸಾಹೇಬರು ಏನೆಂದು ಕೇಳಿದರು. ಆತ ಕೋಲಿನಿಂದ ಮಣ್ಣಿನಲ್ಲಿ ಗೀಚಿ ತೋರಿಸಿದ: ಹಳ್ಳ ಫೆಬ್ರವರಿಗೇ ಬತ್ತುತ್ತದೆ, ಎರಡೂ ದಡದ ತರಗು ಗಾಳಿಗೆ ಉರುಳಿ ಅದರೊಳಗೇ ಮೊಣಕಾಲೆತ್ತರ ತುಂಬುತ್ತದೆ, ಕಿಡಿ ಬಿದ್ದರೆ ಬೆಂಕಿ ಆ ಹಳ್ಳದ ದಾರಿಯಲ್ಲೇ ಮೇಲಕ್ಕೆ ಓಡುತ್ತದೆ. ‘ಇಷ್ಟು ದಿನ ಯಾಕೆ ಹೇಳಲಿಲ್ಲ?’ ‘ಹೋದ ವರ್ಷದ ಸಾಹೇಬ್ರಿಗೆ ಹೇಳಿದ್ನ್ರಿ. ಅವ್ರಿಗೆ ವರ್ಗ ಆಯ್ತಲ್ರಿ.’ ತಿಳಿವಳಿಕೆ ಸಾಲದ ಈ ಜನರ ಕೈಗೇ ರಾತ್ರಿಯ ಕಾವಲನ್ನು ಒಪ್ಪಿಸಿ ಮಲಗುವವರು ಯಾರೆಂದು ನಾನು ಕೇಳುವುದಿಲ್ಲ. (ಇಲ್ಲಿನ ಕುಣಬಿ ಸಮುದಾಯದವರ ಮನೆಮಾತು ಕೊಂಕಣಿ, ಆದೇಶ ಬರುವುದು ಕಚೇರಿ ಕನ್ನಡದಲ್ಲಿ. ಅರ್ಥವಾಗದಿದ್ದರೆ ಅದೂ ಅವರದೇ ತಪ್ಪು.)

ನಾಲ್ಕನೆಯದು: ‘ಜನರನ್ನು ಸೇರಿಸಿಕೊಂಡು ನೋಡಿಯಾಗಿದೆ. 1993ರಿಂದ ಗ್ರಾಮ ಅರಣ್ಯ ಸಮಿತಿಗಳಿದ್ದವು, ಸೊರಗಿಹೋದವು.’ ಆ ಸಮಿತಿಗಳಿಗೆ ಕಾರ್ಯದರ್ಶಿ ಯಾರಾಗಿದ್ದರು? ಇಲಾಖೆಯ ಫಾರೆಸ್ಟರ್. ಸಭೆ ಕರೆಯುವವರು, ಠರಾವು ಬರೆಯುವವರು, ಚೆಕ್ಕಿಗೆ ಜಂಟಿ ಸಹಿ ಹಾಕುವವರು ಅವರೇ. ಕಾಲು ಕಟ್ಟಿ ಬಿಟ್ಟು, ನೋಡಿ, ಇವನಿಗೆ ಓಡಲು ಬರುವುದಿಲ್ಲ ಎಂದ ಹಾಗಾಯಿತು. ‘ಸರಿಯಾಗಿ ಮಾಡಿ ನೋಡಲೇ ಇಲ್ಲ’ ಎನ್ನುವುದು ಸೋತವರ ನೆಪದಂತೆ ಕೇಳಿಸುತ್ತದೆ, ಬಲ್ಲೆ. ಹಾಗಾದರೆ ಅದೇ ತಕ್ಕಡಿಯಲ್ಲಿ ಆಜ್ಞೆಯನ್ನೂ ತೂಗೋಣ. ಕಾಡು ಸವರಿ ಸುಟ್ಟು ರಾಗಿ ಬಿತ್ತುವ ಕುಮ್ರಿಯನ್ನು ಬ್ರಿಟಿಷರು 19ನೇ ಶತಮಾನದಲ್ಲೇ ಆಜ್ಞೆ ಹೊರಡಿಸಿ ಅಡಗಿಸಲು ಹೊರಟರು. ಅಂದಿನಿಂದ ಆಜ್ಞೆಗೆ ಬಿಡುವಿಲ್ಲ. 2007ರಲ್ಲಿ ದಾಂಡೇಲಿ-ಅಣಶಿ ಹುಲಿ ಸಂರಕ್ಷಿತ ಪ್ರದೇಶವಾಯಿತು, 2015ರಲ್ಲಿ ಅದಕ್ಕೆ ಕಾಳಿ ಎಂಬ ಹೆಸರು ಬಂತು, ದನಿ ಮಾತ್ರ ಅದೇ. ಇಷ್ಟಾದ ಮೇಲೂ ನಮ್ಮ ಮಿತ್ರರ ಐದನೆಯ ದೂರು ಏನು ಗೊತ್ತೇ? ‘ಬೆಂಕಿ ಹಚ್ಚುವವರೇ ಊರಿನವರು!’ ಮೂವತ್ತು ವರ್ಷಕ್ಕೆ ಸಮಿತಿ ಸೋತಿತೆಂದರೆ, ನೂರೈವತ್ತು ವರ್ಷಕ್ಕೆ ಆಜ್ಞೆ ಗೆದ್ದದ್ದು ಯಾವ ಲೆಕ್ಕದಲ್ಲಿ? ಊರಿನವರೇ ಹಚ್ಚುತ್ತಾರೆಂಬುದು ನಿಜವೇ ಆಗಿದ್ದರೆ, ಅವರನ್ನು ಕೂರಿಸಿಕೊಂಡು ಮಾತಾಡಲು ಅದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಕಾಡು ಕಾಯುವ ಅಧಿಕಾರವನ್ನು ಗ್ರಾಮಸಭೆಗೂ ಕೊಟ್ಟಿದೆ ಎಂಬುದನ್ನು ನಮ್ಮ ಮಿತ್ರರು ಎಂದೂ ಎತ್ತುವುದಿಲ್ಲ.

ಕೊನೆಯದು, ‘ಹತ್ತು ಜನ ಸೇರಿ ತೀರ್ಮಾನಿಸಿದರೆ ಹೊಣೆ ಯಾರದು?’ ಈಗ ಯಾರದು, ಸ್ವಾಮಿ? ಗುಡ್ಡ ಸುಟ್ಟ ಮರುದಿನ ಮೇಲಿನವರು ‘ಕೆಳಗಿನವರ ನಿರ್ಲಕ್ಷ್ಯ’ ಎನ್ನುತ್ತಾರೆ, ಕೆಳಗಿನವರು ‘ಮೇಲಿನವರ ಆದೇಶ’ ಎನ್ನುತ್ತಾರೆ, ನಡುವೆ ದಿನಗೂಲಿ ವಾಚರ್‌ನ ಕೂಲಿ ತಡೆಹಿಡಿಯಲಾಗುತ್ತದೆ. ಸಭೆಯಲ್ಲಿ ಆದ ತೀರ್ಮಾನವಾದರೆ ಠರಾವು ಪುಸ್ತಕದಲ್ಲಿ ಇರುತ್ತದೆ: ಹಳ್ಳದೊಳಗಿನ ತರಗು ತೆಗೆಯಬೇಕೆಂದು ಹೇಳಿದ್ದು ಯಾರು, ಬೇಡವೆಂದದ್ದು ಯಾರು, ಕೆಳಗೆ ಸಹಿ, ಪಕ್ಕದಲ್ಲಿ ಹೆಬ್ಬೆಟ್ಟು. ಆ ಪುಸ್ತಕ ಕಂಡರೆ ಯಾರಿಗೆ ಹೆದರಿಕೆ ಎಂಬುದನ್ನು ಓದುಗರೇ ಊಹಿಸಲಿ.